ಸಿಂಹ ಕಂಡ ರಾಜ, ಚೋಳರ ದಂಡು, ಕೊಲೆಯ ಆರೋಪ: ಹಳೆಯ ಸಿಂಗಪುರದ ಕಥೆಯಲ್ಲಿ ನಿಜ ಎಷ್ಟು?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಕೆಲಸದ ಮೇಲೆ ಸಿಂಗಪುರಕ್ಕೆ ಬಂದು ನೆಲೆಸಿದ್ದೇವೆ. ಮಗಳಿಗೆ ಶಾಲೆಯಲ್ಲಿ ‘ಸಿಂಗಪುರದ ಹಳೆಯ ರಾಜ್ಯ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳ ಪುಸ್ತಕದಲ್ಲಿ ಸಾಂಗ್ ನೀಲ ಉತಾಮ ಎಂಬ ರಾಜಕುಮಾರ ಸಿಂಹ ನೋಡಿ ಊರಿಗೆ ಹೆಸರಿಟ್ಟ ಅಂತಿದೆ. ಊರಿನಿಂದ ನಮ್ಮ ಮಾವ ವಾಟ್ಸಾಪ್‌ನಲ್ಲಿ ‘ಸಿಂಗಪುರ ಕಟ್ಟಿದ್ದು ರಾಜೇಂದ್ರ ಚೋಳ’ ಎಂಬ ಸಂದೇಶ ಕಳಿಸಿದ್ದಾರೆ. ಆಫೀಸಿನಲ್ಲಿ ಒಬ್ಬರು ‘ಎಲ್ಲಾ ಕಟ್ಟುಕಥೆ, ಬ್ರಿಟಿಷರು ಬರೋಕೆ ಮುಂಚೆ ಇಲ್ಲಿ ಮೀನುಗಾರರ ಗುಡಿಸಲು ಬಿಟ್ಟರೆ ಏನೂ ಇರಲಿಲ್ಲ’ ಅಂದರು. ಇನ್ನೊಂದು ಕಡೆ, ಇಲ್ಲಿನ ರಾಜ ಪರಮೇಶ್ವರ ಕೊಲೆ ಮಾಡಿ ಗದ್ದುಗೆ ಹಿಡಿದವನು ಅಂತ ಓದಿದೆ. ಮಗಳು ‘ಸುಳ್ಳು ಬರೆದರೆ ಟೀಚರ್ ಬೈತಾರಾ?’ ಅಂತ ಕೇಳುತ್ತಿದ್ದಾಳೆ. ಏನು ಬರೆಸಲಿ? ಫೋರ್ಟ್ ಕ್ಯಾನಿಂಗ್ ಬೆಟ್ಟದ ಮೇಲಿರುವ ರಾಜನ ಸಮಾಧಿ ನಿಜವಾದದ್ದೇನಾ?

ಉತ್ತರ: ಒಂದೇ ಊರಿನ ಬಗ್ಗೆ ನಾಲ್ಕು ಕಡೆಯಿಂದ ನಾಲ್ಕು ಮಾತು ಬಂದರೆ ತಲೆ ಕೆಡುವುದು ಸಹಜ. ಆಗ್ನೇಯ ಏಷ್ಯಾದ ಇತಿಹಾಸ ಪಾಠ ಮಾಡುವವನಾಗಿ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ನಾಲ್ಕರಲ್ಲಿ ಪೂರ್ತಿ ತಪ್ಪು ಅನ್ನಬಹುದಾದದ್ದು ಒಂದೇ, ಅದು ನಿಮ್ಮ ಆಫೀಸಿನವರ ಮಾತು. ಉಳಿದ ಮೂರಕ್ಕೂ ಎಲ್ಲೋ ಒಂದು ಹಳೆಯ ಬರಹದ ಆಧಾರ ಇದೆ. ಬರಹ ಇದೆ ಅಂದಮಾತ್ರಕ್ಕೆ ನಡೆದದ್ದೂ ಹಾಗೇ ಅಂತಲ್ಲ. ಯಾರು, ಯಾವಾಗ, ಯಾರಿಗೋಸ್ಕರ ಬರೆದರು ಎಂದು ಕೇಳಿದರೆ ಗೋಜಲು ಬಹಳಷ್ಟು ಬಿಡಿಸಿಕೊಳ್ಳುತ್ತದೆ.

ಮೀನುಗಾರರ ಹಳ್ಳಿಯ ಮಾತನ್ನು ಮೊದಲು ಮುಗಿಸೋಣ. 1819ರ ಜನವರಿಯಲ್ಲಿ ಬ್ರಿಟಿಷ್ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಬಂದಿಳಿದಾಗ ದ್ವೀಪದಲ್ಲಿ ಜನ ಕಡಿಮೆ ಇದ್ದದ್ದು ನಿಜ. ಆದರೆ ಅಲ್ಲಿ ಒಂದು ಬೆಟ್ಟ ಇತ್ತು. ಸ್ಥಳೀಯ ಮಲಯ ಜನ ಅದನ್ನು ಬುಕಿತ್ ಲಾರಂಗಾನ್, ಅಂದರೆ ಹತ್ತಬಾರದ ಬೆಟ್ಟ, ಅನ್ನುತ್ತಿದ್ದರು. ಹಳೆಯ ರಾಜರು ಅಲ್ಲಿ ವಾಸವಿದ್ದರು ಎಂಬ ಭಯಭಕ್ತಿ. ಈಗಿನ ಫೋರ್ಟ್ ಕ್ಯಾನಿಂಗ್ ಅದೇ. 1822ರಲ್ಲಿ ಜಾನ್ ಕ್ರಾಫರ್ಡ್ ಎಂಬ ಅಧಿಕಾರಿ ಸುತ್ತಾಡಿ ನೋಡಿದ್ದನ್ನು ಬರೆದಿಟ್ಟಿದ್ದಾನೆ. ಬೆಟ್ಟದ ಮೇಲೆ ಇಟ್ಟಿಗೆ ಕಟ್ಟಡಗಳ ಬುನಾದಿ, ಯಾರೋ ನೆಟ್ಟು ಬಿಟ್ಟುಹೋದ ಹಣ್ಣಿನ ಮರಗಳು, ಸೋಂಗ್ ರಾಜವಂಶದ ಕಾಲದ ಚೀನೀ ನಾಣ್ಯಗಳು. ಕೆಳಗೆ ಸಮುದ್ರದ ಕಡೆಯಿಂದ ಬೆಟ್ಟದ ತನಕ ಒಂದು ಹಳೆಯ ಮಣ್ಣಿನ ಕೋಟೆಗೋಡೆ. ಬುಡದಲ್ಲಿ ಸುಮಾರು 16 ಅಡಿ ಅಗಲ, ಎಂಟೊಂಬತ್ತು ಅಡಿ ಎತ್ತರ. ಮೀನುಗಾರರ ಗುಡಿಸಲಿಗೆ ಇಂಥ ಗೋಡೆ ಯಾಕೆ ಬೇಕು?

1928ರಲ್ಲಿ ಅದೇ ಬೆಟ್ಟದಲ್ಲಿ ನೀರಿನ ಟ್ಯಾಂಕಿನ ಕೆಲಸಕ್ಕೆ ಅಗೆಯುವಾಗ ಚಿನ್ನದ ಒಡವೆಗಳು ಸಿಕ್ಕವು. ಅದರಲ್ಲಿ ಒಂದು ತೋಳಬಂದಿ ಈಗ ಅಲ್ಲಿನ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಮಗಳನ್ನು ಕರೆದುಕೊಂಡು ಹೋಗಿ ಹತ್ತಿರದಿಂದ ನೋಡಿ. ಉಬ್ಬಿದ ಕಣ್ಣು, ತೆರೆದ ಬಾಯಿ, ಹಲ್ಲು ಕಾಣುವ ಒಂದು ಮುಖ ಅದರ ಮೇಲಿದೆ. ಜಾವಾದವರು ಅದನ್ನು ಕಾಲ ಅನ್ನುತ್ತಾರೆ. ನಮ್ಮ ದೇವಸ್ಥಾನಗಳ ಬಾಗಿಲ ಮೇಲೆ ಕೂತಿರುವ ಕೀರ್ತಿಮುಖದ ನೆಂಟನೇ ಅದು. 14ನೆಯ ಶತಮಾನದ ಜಾವಾ ಶೈಲಿಯ ಕೆಲಸ.

ಅಷ್ಟಾದರೂ ತುಂಬಾ ಜನ ನಂಬಲಿಲ್ಲ. ನಂಬಿಸಿದ್ದು 1984ರ ಅಗೆತ. ಪುರಾತತ್ವಜ್ಞ ಜಾನ್ ಮಿಕ್ಸಿಕ್ ಫೋರ್ಟ್ ಕ್ಯಾನಿಂಗ್‌ನಲ್ಲಿ ಅಗೆದಾಗ, ಬ್ರಿಟಿಷರ ಕಾಲದ ಪದರದ ಕೆಳಗೆ ಕೆಡದೆ ಉಳಿದ 14ನೆಯ ಶತಮಾನದ ಪದರ ಸಿಕ್ಕಿತು. ಚೀನಾದ ಪಿಂಗಾಣಿ ಚೂರುಗಳು, ಗಾಜಿನ ಮಣಿ, ಬಳೆ ತುಂಡು, ಸ್ಥಳೀಯ ಮಣ್ಣಿನ ಗಡಿಗೆಗಳು. ದಿಕ್ಸೂಚಿಯ ದಿಕ್ಕುಗಳ ಹೆಸರನ್ನು ಚೀನೀ ಅಕ್ಷರದಲ್ಲಿ ಬರೆದ ಒಂದು ಬಟ್ಟಲಿನ ಚೂರು ಕೂಡ. ಕರಗಿದ ಗಾಜಿನ ತುಣುಕುಗಳೂ ಸಿಕ್ಕಿದ್ದರಿಂದ, ಅರಮನೆಗೆ ಸೇರಿದ ಕುಶಲಕರ್ಮಿಗಳು ಬೆಟ್ಟದ ಮೇಲೇ ಗಾಜಿನ ಕೆಲಸ ಮಾಡುತ್ತಿದ್ದರು ಅಂತ ತಜ್ಞರು ಹೇಳುತ್ತಾರೆ. ಆಮೇಲೆ ನದಿಯ ದಡದಲ್ಲಿ, ಪಾರ್ಲಿಮೆಂಟ್ ಕಟ್ಟಡದ ಜಾಗದಲ್ಲಿ, ಎಂಪ್ರೆಸ್ ಪ್ಲೇಸ್‌ನಲ್ಲಿ, ಸೇಂಟ್ ಆಂಡ್ರೂಸ್ ಕೆಥೆಡ್ರಲ್‌ ಅಂಗಳದಲ್ಲಿ ಅಗೆದಾಗಲೂ ಅದೇ ಕಾಲದ ವಸ್ತುಗಳೇ ಬಂದವು. 2021ರಲ್ಲಿ ಪ್ರಕಟವಾದ ಇನ್ನೊಂದು ಸುದ್ದಿ ನಿಮಗೂ ನೆನಪಿರಬಹುದು. ಸಿಂಗಪುರದ ಪೂರ್ವದ ಸಮುದ್ರದಲ್ಲಿ 14ನೆಯ ಶತಮಾನದ ಒಂದು ಮುಳುಗಿದ ಹಡಗು ಸಿಕ್ಕಿತ್ತು. ಸುಮಾರು ಮೂರೂವರೆ ಟನ್ ಪಿಂಗಾಣಿ ಮೇಲೆ ತಂದರು. ಅದು ತೆಮಾಸೆಕ್‌ಗೇ ಬರುತ್ತಿದ್ದ ಸರಕು ಇರಬೇಕು ಎಂಬುದು ತಜ್ಞರ ಊಹೆ.

ತೆಮಾಸೆಕ್ ಅಂದರೆ ದ್ವೀಪದ ಆಗಿನ ಹೆಸರು. ಅದು ಕಥೆಗಷ್ಟೇ ಸೇರಿದ ಹೆಸರಲ್ಲ. 1365ರಲ್ಲಿ ಜಾವಾದಲ್ಲಿ ಬರೆದ ನಾಗರಕೃತಾಗಮ ಕಾವ್ಯ, ಮಜಾಪಹಿತ್ ರಾಜ್ಯದ ಅಧೀನದ ಊರುಗಳ ಪಟ್ಟಿಯಲ್ಲಿ ‘ತುಮಾಸಿಕ್’ ಅನ್ನುತ್ತದೆ. ಅದಕ್ಕಿಂತ ಮುಂಚೆ, 1349ರ ಹೊತ್ತಿಗೆ, ವಾಂಗ್ ದಾಯುವಾನ್ ಎಂಬ ಚೀನೀ ವ್ಯಾಪಾರಿ ತಾನು ಸಮುದ್ರದ ಮೇಲೆ ಓಡಾಡಿದ ಊರುಗಳ ಬಗ್ಗೆ ಬರೆದ. ನನಗೆ ಈ ಮನುಷ್ಯನ ಬರಹ ಬಹಳ ಇಷ್ಟ. ರಾಜರ ಹೊಗಳಿಕೆ ಇಲ್ಲ, ದೇವರ ಪವಾಡ ಇಲ್ಲ. ಏನು ಮಾರುತ್ತಾರೆ, ಏನು ಉಡುತ್ತಾರೆ, ಯಾರನ್ನು ನಂಬಬಹುದು, ಅಷ್ಟೇ.

ಅವನ ಪ್ರಕಾರ ಇಲ್ಲಿ ಎರಡು ನೆಲೆಗಳಿದ್ದವು. ಬೆಟ್ಟದ ಬಳಿಯ ನೆಲೆಗೆ ಅವನು ಕೊಡುವ ಹೆಸರು ಬಾನ್‌ಜು. ಅಲ್ಲಿಯವರು ಕೂದಲು ಚಿಕ್ಕದಾಗಿ ಕತ್ತರಿಸಿ, ಜರಿಯ ರುಮಾಲು ಸುತ್ತುತ್ತಿದ್ದರು. ಸಮುದ್ರದ ನೀರು ಕುದಿಸಿ ಉಪ್ಪು ಮಾಡುತ್ತಿದ್ದರು, ಅಕ್ಕಿ ಹುಳಿಸಿ ಹೆಂಡ ಮಾಡುತ್ತಿದ್ದರು. ಪ್ರಾಮಾಣಿಕ ಜನ ಅನ್ನುತ್ತಾನೆ. ಇನ್ನೊಂದು ನೆಲೆ ಲೋಂಗ್‌ಯಾಮೆನ್, ಡ್ರ್ಯಾಗನ್ ಹಲ್ಲಿನಂಥ ಬಂಡೆ ಇದ್ದ ಜಲಸಂಧಿ. ಅಲ್ಲಿ ಚೀನೀಯರೂ ಸ್ಥಳೀಯರ ಜೊತೆ ವಾಸವಿದ್ದರು. ಅಲ್ಲಿಯವರ ಮುಖ್ಯ ಉದ್ಯೋಗ ಕಡಲ್ಗಳ್ಳತನ! ಪಶ್ಚಿಮಕ್ಕೆ ಹೋಗುವ ಹಡಗುಗಳನ್ನು ಸುಮ್ನೆ ಬಿಟ್ಟುಬಿಡುತ್ತಿದ್ದರು. ಸರಕು ತುಂಬಿಕೊಂಡು ವಾಪಸ್ ಬರುವಾಗ ಹಿಡಿಯುತ್ತಿದ್ದರು. ಕರಿಮುನ್ ದ್ವೀಪದ ಹತ್ತಿರ ಬಂದ ಕೂಡಲೇ ನಾವಿಕರು ಬಾಣ ತಡೆಯುವ ದಪ್ಪ ಪರದೆ ಕಟ್ಟಿ, ಆಯುಧ ಹಿಡಿದು ಕೂರುತ್ತಿದ್ದರಂತೆ. ಇನ್ನೂರು ಮುನ್ನೂರು ದೋಣಿಗಳು ಒಟ್ಟಿಗೇ ಮೇಲೆ ಬೀಳುತ್ತಿದ್ದವು.

ಅವನ ಇನ್ನೊಂದು ಮಾತು ಮುಖ್ಯವಾದದ್ದು. ಸಿಯಾಮಿನವರು, ಅಂದರೆ ಈಗಿನ ಥಾಯ್ಲೆಂಡ್ ಕಡೆಯವರು, ಸುಮಾರು 70 ಹಡಗು ತಂದು ತೆಮಾಸೆಕ್‌ಗೆ ಒಂದು ತಿಂಗಳು ಮುತ್ತಿಗೆ ಹಾಕಿದರು. ಊರಿನವರು ಬಾಗಿಲು ಮುಚ್ಚಿಕೊಂಡು ತಡೆದರು. ಬಾಗಿಲು ಮುಚ್ಚಬೇಕಾದರೆ ಗೋಡೆ ಇರಬೇಕು, ಅಲ್ವಾ? ಸುಮಾರು ಐನೂರು ವರ್ಷ ಆದಮೇಲೆ ಕ್ರಾಫರ್ಡ್ ನೋಡಿದ್ದು ಅದೇ ಗೋಡೆಯ ಉಳಿಕೆ ಇರಬೇಕು. ಆ ಕಾಲದ ಮಲಯ ಊರುಗಳಿಗೆ ಕೋಟೆಗೋಡೆ ಇದ್ದದ್ದೇ ಅಪರೂಪ.

ಹೀಗಾಗಿ ಊರು ಇತ್ತು, ಚೆನ್ನಾಗಿಯೇ ಇತ್ತು, 1300ರ ಆಸುಪಾಸಿನಿಂದ ಸುಮಾರು ನೂರು ವರ್ಷ ಬಾಳಿತು. ಇದರಲ್ಲಿ ಅನುಮಾನ ಬೇಡ. ಅನುಮಾನ ಶುರುವಾಗುವುದು ಊರನ್ನು ಆಳಿದವರು ಯಾರು ಅನ್ನುವಲ್ಲಿ.

ಸಾಂಗ್ ನೀಲ ಉತಾಮನ ಕಥೆ ಬರುವುದು ‘ಸೆಜಾರಾ ಮಲಾಯು’ ಎಂಬ ಮಲಯ ಗ್ರಂಥದಲ್ಲಿ. ಜೋಹೋರ್ ಆಸ್ಥಾನದ ತುನ್ ಶ್ರೀ ಲಾನಾಂಗ್ 1612ರ ಸುಮಾರಿಗೆ ಅದನ್ನು ಈಗಿನ ರೂಪಕ್ಕೆ ತಂದ ಎಂಬುದು ವಾಡಿಕೆ. ಅಂದರೆ ಕಥೆ ನಡೆಯಿತು ಅನ್ನುವ ಕಾಲಕ್ಕೂ ಬರಹಕ್ಕೂ ಮುನ್ನೂರು ವರ್ಷದ ಅಂತರ. ಪಠ್ಯಪುಸ್ತಕಗಳಲ್ಲಿ ಬರುವ 1299 ಎಂಬ ಇಸವಿ ಮೂಲದಲ್ಲಿಲ್ಲ. ಯಾವ ರಾಜ ಎಷ್ಟು ವರ್ಷ ಆಳಿದ ಅಂತ ಅಲ್ಲಿ ಹೇಳಿದ್ದನ್ನು ಕೂಡಿ ಕಳೆದು ಆಮೇಲಿನವರು ಹಾಕಿದ ಲೆಕ್ಕ ಅದು.

ಕಥೆ ಹೀಗಿದೆ. ಸುಮಾತ್ರಾದ ಪಾಲೆಂಬಾಂಗ್‌ನಲ್ಲಿ ಬುಕಿತ್ ಸೆಗುಂತಾಂಗ್ ಎಂಬ ಗುಡ್ಡ. ಅಲ್ಲಿ ಇಬ್ಬರು ವಿಧವೆಯರ ಗದ್ದೆ. ಒಂದು ರಾತ್ರಿ ಗುಡ್ಡ ಬೆಂಕಿಯ ಹಾಗೆ ಹೊಳೆಯಿತು. ಬೆಳಗ್ಗೆ ನೋಡಿದರೆ ಭತ್ತದ ಕಾಳೆಲ್ಲ ಚಿನ್ನ, ಎಲೆ ಬೆಳ್ಳಿ, ಕಡ್ಡಿ ತಾಮ್ರ. ಅಲ್ಲಿ ಇಳಿದು ಬಂದ ರಾಜಕುಮಾರರಲ್ಲಿ ಒಬ್ಬ ಸಾಂಗ್ ನೀಲ ಉತಾಮ. ಪಟ್ಟದ ಹೆಸರು ಶ್ರೀ ತ್ರಿ ಬುವಾನ. ಪಾಲೆಂಬಾಂಗ್‌ನ ಒಡೆಯ ಡೆಮಾಂಗ್ ಲೆಬಾರ್ ದಾವುನ್ ತನ್ನ ಮಗಳನ್ನು ಕೊಟ್ಟು ಮದುವೆ ಮಾಡುವ ಮುಂಚೆ ಒಂದು ಒಪ್ಪಂದ ಕೇಳಿದ. ಪ್ರಜೆಗಳು ಎಷ್ಟೇ ತಪ್ಪು ಮಾಡಲಿ, ಕಾನೂನಿನಂತೆ ಶಿಕ್ಷೆ ಕೊಡಿ, ಆದರೆ ಜನರೆದುರು ಅವಮಾನ ಮಾಡಬೇಡಿ. ರಾಜ ಅದಕ್ಕೆ ಒಪ್ಪಿ, ಹಾಗಾದರೆ ಪ್ರಜೆಗಳೂ ಎಂದಿಗೂ ದ್ರೋಹ ಮಾಡಬಾರದು ಅಂದ. ಯಾರು ಮಾತು ಮುರಿದರೂ ದೇವರು ಅವರನ್ನು ನೆಲಸಮ ಮಾಡಲಿ ಅಂತ ಇಬ್ಬರೂ ಆಣೆ ಇಟ್ಟರು. ಈ ಒಪ್ಪಂದವನ್ನು ನೆನಪಿಟ್ಟುಕೊಳ್ಳಿ. ಶಾಲಾ ಪುಸ್ತಕಗಳು ಸಿಂಹವನ್ನು ಹಿಡಿದುಕೊಂಡು ಇದನ್ನು ಬಿಟ್ಟುಬಿಡುತ್ತವೆ. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಕೀಲಿ ಇರುವುದೇ ಇಲ್ಲಿ.

ರಾಜ ಬಿಂತಾನ್ ದ್ವೀಪಕ್ಕೆ ಹೋಗಿ, ಅಲ್ಲಿಂದ ಬೇಟೆಗೆ ಹೊರಟ. ಎತ್ತರದ ಬಂಡೆ ಹತ್ತಿ ನೋಡಿದರೆ ಆಚೆ ದಡದಲ್ಲಿ ಬಟ್ಟೆ ಹಾಸಿದಂತೆ ಬಿಳಿ ಮರಳು. ಅದೇ ತೆಮಾಸೆಕ್. ದಾಟುವಾಗ ಬಿರುಗಾಳಿ ಎದ್ದಿತು. ಹಡಗು ಹಗುರ ಮಾಡಲು ಎಲ್ಲವನ್ನೂ ಎಸೆದರು, ಕೊನೆಗೆ ಕಿರೀಟ ಎಸೆದ ಮೇಲೆ ಗಾಳಿ ನಿಂತಿತು. ದಡದಲ್ಲಿ ಒಂದು ಪ್ರಾಣಿ ಮಿಂಚಿನ ಹಾಗೆ ಓಡಿತು. ಮೈ ಕೆಂಪು, ತಲೆ ಕಪ್ಪು, ಎದೆ ಬಿಳಿ, ಹೋತಕ್ಕಿಂತ ತುಸು ದೊಡ್ಡದು. ಹಳೆಯ ಕಾಲದ ಸಿಂಹ ಹೀಗೇ ಇತ್ತಂತೆ ಅಂದ ಡೆಮಾಂಗ್ ಲೆಬಾರ್ ದಾವುನ್. ಊರಿಗೆ ಸಿಂಗಪುರ ಅಂತ ಹೆಸರಾಯಿತು.

ಸಿಂಗಪುರದಲ್ಲಿ ಸಿಂಹ ಇರಲೇ ಇಲ್ಲ. ಹುಲಿ ಇದ್ದವು. ಆದರೆ ಕೆಂಪು ಮೈ, ಕಪ್ಪು ತಲೆಯ ವರ್ಣನೆ ಹುಲಿಗೂ ಹೊಂದುವುದಿಲ್ಲ. ಯಾವ ಪ್ರಾಣಿ ಅಂತ ಹುಡುಕುತ್ತಾ ಕೂರುವುದು ದಂಡ ಅಂತ ನನ್ನ ಅಭಿಪ್ರಾಯ. ಸಿಂಹ ಅಂದರೆ ರಾಜತ್ವದ ಗುರುತು, ಬುದ್ಧನ ಗುರುತು ಕೂಡ. ಆಗ್ನೇಯ ಏಷ್ಯಾದಲ್ಲಿ ಈ ಹೆಸರಿನ ಊರು ಇದೊಂದೇ ಅಲ್ಲ, ಈಗಿನ ವಿಯೆಟ್ನಾಂ ಜಾಗದಲ್ಲಿದ್ದ ಚಂಪಾ ರಾಜ್ಯದಲ್ಲೂ ಒಂದು ಸಿಂಹಪುರ ಇತ್ತು. ಹೊಸದಾಗಿ ಗದ್ದುಗೆ ಕಟ್ಟುವವನು ಇಂಥ ಹೆಸರಿಡುತ್ತಾನೆ, ಆಮೇಲಿನವರು ಆ ಹೆಸರಿಗೆ ಕಥೆ ಹೊಂದಿಸುತ್ತಾರೆ. ನಮ್ಮ ಹೊಯ್ಸಳರ ಸಳನ ಕಥೆಯನ್ನು ಮಗಳಿಗೆ ಹೇಳಿ, ಆಗ ಅವಳಿಗೆ ತಟ್ಟನೆ ಹೊಳೆಯುತ್ತದೆ. ಸಳ ಕೊಂದದ್ದು ಹುಲಿಯೋ ಸಿಂಹವೋ ಎಂದು ನಾವೂ ಜಗಳ ಆಡುತ್ತೇವೆ, ಆದರೆ ಬೇಲೂರು ಸುಳ್ಳಾಗುವುದಿಲ್ಲ.

ಈಗ ಒಪ್ಪಂದಕ್ಕೆ ಬರೋಣ. ಸಾಂಗ್ ನೀಲ ಉತಾಮನ ನಂತರ ನಾಲ್ವರು ರಾಜರು ಬರುತ್ತಾರೆ. ಎರಡನೆಯವನು ಶ್ರೀ ವಿಕ್ರಮ ವೀರ. ಅವನಿಗೆ ಮಜಾಪಹಿತ್ ರಾಜ ಒಂದು ಮರದ ಸಿಪ್ಪೆ ಕಳಿಸಿದ. ಏಳು ಮಾರು ಉದ್ದ, ಎಲ್ಲೂ ತುಂಡಾಗದೆ ತೆಳ್ಳಗೆ ಕೆತ್ತಿದ್ದು, ಹೆಂಗಸರ ಓಲೆಯ ಹಾಗೆ ಸುರುಳಿ ಸುತ್ತಿದ್ದು. ‘ನಮ್ಮ ಬಡಗಿಗಳ ಕೈಚಳಕ ನೋಡಿ’ ಎಂಬ ಸಂದೇಶ. ಇವನು ಅದನ್ನು ‘ನೀನು ಗಂಡಸಲ್ಲ’ ಎಂದು ಓದಿಕೊಂಡ. ಒಬ್ಬ ಹುಡುಗನನ್ನು ಕೂರಿಸಿ, ದೂತನ ಎದುರೇ ಬಡಗಿಯ ಬಾಚಿಯಿಂದ ತಲೆ ಬೋಳಿಸಿ ತೋರಿಸಿದ. ಯುದ್ಧ ಆಯಿತು, ಸಿಂಗಪುರ ಗೆದ್ದಿತು.

ಮೂರನೆಯವನ ಕಾಲದಲ್ಲಿ ಬಡಾಂಗ್ ಬರುತ್ತಾನೆ. ಸಾಯೋಂಗ್‌ನ ಒಬ್ಬ ಆಳು. ಅವನ ಮೀನಿನ ಬಲೆಯಲ್ಲಿ ದಿನಾ ಬರೀ ಮುಳ್ಳು, ಹುರುಪೆ. ಕಾದು ಕೂತು ಹಿಡಿದರೆ ಕೆಂಪು ಕಣ್ಣಿನ, ಹೊಕ್ಕುಳ ತನಕ ಗಡ್ಡದ ಒಂದು ಭೂತ. ಬಿಟ್ಟುಬಿಡು, ಕೇಳಿದ್ದು ಕೊಡ್ತೀನಿ ಅಂದಿತು. ದುಡ್ಡು ಕೇಳಿದರೆ ಒಡೆಯನ ಪಾಲು, ಬಲ ಕೇಳಿದರೆ ನನ್ನ ಪಾಲು ಅಂತ ಯೋಚಿಸಿ ಬಲ ಕೇಳಿದ. ಹಾಗಾದರೆ ನಾನು ಕಕ್ಕಿದ್ದನ್ನು ತಿನ್ನು ಅಂದಿತು ಭೂತ. ತಿಂದ. ಆಮೇಲೆ ಕಳಿಂಗದ ರಾಜ ಕಳಿಸಿದ ಜಟ್ಟಿಯ ಜೊತೆ ಪಂದ್ಯ, ಏಳು ಹಡಗು ಸರಕು ಪಣ. ಕಳಿಂಗದವನು ಬಂಡೆಯನ್ನು ಮೊಣಕಾಲಿನ ತನಕ ಎತ್ತಿದ. ಬಡಾಂಗ್ ಎತ್ತಿ ನದಿಯ ಬಾಯಿಗೆ ಎಸೆದ.

ನದಿಯ ಬಾಯಲ್ಲಿ ಒಂದು ದೊಡ್ಡ ಬಂಡೆ ನಿಜವಾಗಿಯೂ ಇತ್ತು. ಸುಮಾರು ಮೂರು ಮೀಟರ್ ಎತ್ತರ, ಮೈತುಂಬ ಐವತ್ತು ಸಾಲಿನಷ್ಟು ಶಾಸನ. 1819ರಲ್ಲಿ ಕಾಡು ಕಡಿಯುವಾಗ ಕಣ್ಣಿಗೆ ಬಿತ್ತು. 1843ರಲ್ಲಿ ಬ್ರಿಟಿಷರು ಜಾಗ ಬೇಕು ಅಂತ ಸಿಡಿಮದ್ದಿಟ್ಟು ಒಡೆದುಹಾಕಿದರು! ಉಳಿದ ಒಂದು ಚೂರು ಮ್ಯೂಸಿಯಂನಲ್ಲಿದೆ. ಲಿಪಿ ಜಾವಾದ ‘ಕವಿ’ ಎಂಬ ಹಳೆಯ ಲಿಪಿಯ ಹತ್ತಿರದ್ದು, ಅಂದರೆ ಕನ್ನಡ ಲಿಪಿಯ ಹಾಗೇ ಬ್ರಾಹ್ಮಿಯ ಕುಲದ್ದು. ಏನು ಬರೆದಿದೆ ಅಂತ ಇವತ್ತಿಗೂ ಯಾರೂ ಓದಿಲ್ಲ. ಐದು ವರ್ಷ ಬಿಟ್ಟು, 1848ರಲ್ಲಿ, ಆ ಡ್ರ್ಯಾಗನ್ ಹಲ್ಲಿನ ಬಂಡೆಯನ್ನೂ ಉಡಾಯಿಸಿದರು. ಕಲ್ಲು ಕಂಡರೆ ಅವರಿಗೆ ಅದೇನು ಕೋಪವೋ.

ನಾಲ್ಕನೆಯ ರಾಜನಿಂದ ಕಥೆ ಕಪ್ಪಾಗುತ್ತದೆ. ಸುಮಾತ್ರಾದ ಪಾಸೈನಿಂದ ಬಂದ ತುನ್ ಜಾನಾ ಖಾತಿಬ್ ಎಂಬ ಧಾರ್ಮಿಕ ವ್ಯಕ್ತಿ, ರಾಣಿ ನೋಡುತ್ತಿದ್ದಾಗ ಒಂದು ಅಡಿಕೆ ಮರವನ್ನು ದಿಟ್ಟಿಸಿದ. ಮರ ಎರಡು ಸೀಳಾಯಿತು. ರಾಣಿಯ ಮುಂದೆ ಜಂಬ ತೋರಿಸಿದ ಅಂತ ರಾಜ ಅವನನ್ನು ಕೊಲ್ಲಿಸಿದ. ಆಮೇಲೆ ಊರಿನ ಮೇಲೆ ತೊದಾಕ್ ಮೀನುಗಳ ದಾಳಿ. ಕತ್ತಿಯಂಥ ಮೂತಿಯ ಮೀನುಗಳು ಸಮುದ್ರದಿಂದ ಹಾರಿ ದಡದ ಜನರನ್ನು ಚುಚ್ಚಿ ಕೊಂದವು. ರಾಜ ಸೈನಿಕರ ಕಾಲುಗಳನ್ನೇ ಬೇಲಿ ಮಾಡಿ ನಿಲ್ಲಿಸಿದ, ಸಾಲು ಸಾಲಾಗಿ ಸತ್ತರು. ಒಬ್ಬ ಪುಟ್ಟ ಹುಡುಗ, ಬಾಳೆಯ ದಿಂಡಿನ ಬೇಲಿ ಹಾಕಬಾರದಾ ಅಂದ. ಹಾಕಿದರು. ಮೀನುಗಳ ಮೂತಿ ದಿಂಡಿಗೆ ಚುಚ್ಚಿಕೊಂಡು ಸಿಕ್ಕಿಬಿದ್ದವು. ಈಗಲೇ ಇಷ್ಟು ಬುದ್ಧಿ, ದೊಡ್ಡವನಾದರೆ ನಮಗೇ ಅಪಾಯ ಅಂತ ಮಂತ್ರಿಗಳು ಕಿವಿಯೂದಿದರು. ರಾಜ ಹುಡುಗನನ್ನೂ ಕೊಲ್ಲಿಸಿದ. ಆ ರಕ್ತದಿಂದಲೇ ಬುಕಿತ್ ಮೇರಾ ಬೆಟ್ಟ ಕೆಂಪಾಯಿತು ಅನ್ನುವುದು ಜನರ ಬಾಯಲ್ಲಿರುವ ಮಾತು.

ಕೊನೆಯ ರಾಜ ಇಸ್ಕಂದರ್ ಶಾ. ಅವನ ಉಪಪತ್ನಿಯೊಬ್ಬಳ ಮೇಲೆ ಉಳಿದವರು ಚಾಡಿ ಹೇಳಿದರು. ವಿಚಾರಣೆಯೇ ಇಲ್ಲದೆ ಅವಳನ್ನು ಸಂತೆಯ ನಡುವೆ, ಎಲ್ಲರೆದುರು, ಶೂಲಕ್ಕೇರಿಸಿದ. ಅವಳ ಅಪ್ಪ ಸಾಂಗ್ ರಾಜುನ ತಾಪ, ಅರಮನೆಯ ಉಗ್ರಾಣದ ಅಧಿಕಾರಿ. ನನ್ನ ಮಗಳು ತಪ್ಪು ಮಾಡಿದ್ದರೆ ಕೊಲ್ಲಿ, ಹೀಗೆ ಮಾನ ಯಾಕೆ ಕಳೆಯಬೇಕಿತ್ತು ಅಂತ ಅವನ ಸಂಕಟ. ಗುಟ್ಟಾಗಿ ಮಜಾಪಹಿತ್‌ಗೆ ಹೇಳಿಕಳಿಸಿದ. ಜಾವಾದ ದಂಡು ಬಂತು. ಅವನು ಉಗ್ರಾಣದಲ್ಲಿ ಅಕ್ಕಿ ಇಲ್ಲ ಅಂದುಬಿಟ್ಟ, ಬೆಳಗಾಗುವ ಹೊತ್ತಿಗೆ ಕೋಟೆಯ ಬಾಗಿಲು ತೆರೆದ. ಊರು ಶತ್ರುಗಳ ಪಾಲಾಯಿತು. ದ್ರೋಹ ಬಗೆದ ಅವನೂ ಕಲ್ಲಾದ, ಅವನ ಅಕ್ಕಿಯೂ ಮಣ್ಣಾಯಿತು. ಇಸ್ಕಂದರ್ ಶಾ ಉತ್ತರಕ್ಕೆ ಓಡಿಹೋಗಿ, ಈಗಿನ ಮಲೇಷ್ಯಾದಲ್ಲಿರುವ ಮಲಾಕಾ ಕಟ್ಟಿದ.

ಒಪ್ಪಂದ ನೆನಪಾಯಿತಲ್ಲ? ರಾಜ ಅವಮಾನ ಮಾಡಿದ, ಪ್ರಜೆ ದ್ರೋಹ ಮಾಡಿದ, ಇಬ್ಬರೂ ಹಾಳಾದರು. 1511ರಲ್ಲಿ ಪೋರ್ಚುಗೀಸರಿಗೆ ಮಲಾಕಾ ಕಳೆದುಕೊಂಡ ವಂಶದ ಆಸ್ಥಾನದಲ್ಲಿ ಬರೆದ ಪುಸ್ತಕ ಇದು. ನಮ್ಮ ರಾಜರು ಎಷ್ಟು ದೊಡ್ಡ ಕುಲದವರು ಎಂದು ಹೇಳಬೇಕು, ಜೊತೆಗೆ ರಾಜರಿಗೂ ಒಂದು ಕಿವಿಮಾತು ಹೇಳಬೇಕು. ಸಿಂಗಪುರದ ಐದು ರಾಜರ ಕಥೆ ಆ ಎರಡೂ ಕೆಲಸ ಮಾಡುತ್ತದೆ.

ನಿಮ್ಮ ಮಾವನವರ ಸಂದೇಶಕ್ಕೂ ಬೇರು ಇರುವುದು ಇದೇ ಪುಸ್ತಕದಲ್ಲಿ. ರಾಜೇಂದ್ರ ಚೋಳ 1025ರಲ್ಲಿ ಸುಮಾತ್ರಾದ ಶ್ರೀವಿಜಯ ರಾಜ್ಯದ ಮೇಲೆ ಹಡಗಿನ ದಂಡು ಕಳಿಸಿದ್ದು ಇತಿಹಾಸ. ನಮ್ಮ ಕಲ್ಯಾಣದ ಚಾಲುಕ್ಯರ ಜೊತೆ ಕಾದಾಡಿದ ಅದೇ ರಾಜೇಂದ್ರ. ತಂಜಾವೂರಿನ ಶಾಸನದಲ್ಲಿ ಗೆದ್ದ ಊರುಗಳ ಪಟ್ಟಿಯೇ ಇದೆ, ಶ್ರೀವಿಜಯ, ಕಡಾರಂ, ಮಲೈಯೂರ್ ಹೀಗೆ. ತೆಮಾಸೆಕ್ ಅದರಲ್ಲಿಲ್ಲ, ಸಿಂಗಪುರವೂ ಇಲ್ಲ. ಫೋರ್ಟ್ ಕ್ಯಾನಿಂಗ್‌ನಲ್ಲಿ ಸಿಕ್ಕ ಊರು ಅದಕ್ಕಿಂತ ಹತ್ತಿರಹತ್ತಿರ ಮುನ್ನೂರು ವರ್ಷ ಈಚಿನದು.

ಆದರೆ ಮಲಯ ಗ್ರಂಥದಲ್ಲಿ ರಾಜಾ ಚೂಲನ್, ಕೆಲವು ಪ್ರತಿಗಳಲ್ಲಿ ರಾಜಾ ಸೂರನ್, ಎಂಬ ದಕ್ಷಿಣ ಭಾರತದ ದೊರೆ ಚೀನಾ ಗೆಲ್ಲಲು ಹೊರಟು ತೆಮಾಸೆಕ್‌ಗೆ ಬರುತ್ತಾನೆ. ಚೀನಾದ ಚಕ್ರವರ್ತಿ ಹೆದರಿ ಒಂದು ಉಪಾಯ ಮಾಡಿದ. ಒಂದು ಹಡಗಿನಲ್ಲಿ ತುಕ್ಕು ಹಿಡಿದ ಸೂಜಿಗಳು, ಹಣ್ಣು ಬಿಟ್ಟ ಮರಗಳು, ಹಲ್ಲು ಬಿದ್ದ ಮುದುಕರು. ಚೀನಾ ಎಷ್ಟು ದೂರ ಅಂತ ಕೇಳಿದರೆ ಮುದುಕರು ಅಂದರು: ‘ಹೊರಟಾಗ ನಾವು ಹುಡುಗರು. ಈ ಮರಗಳನ್ನು ಬೀಜ ಹಾಕಿದ್ದು ಆಗಲೇ. ಈ ಸೂಜಿಗಳು ತೋಳುಗಾತ್ರದ ಕಬ್ಬಿಣದ ಸರಳಾಗಿದ್ದವು, ಸವೆದು ಇಷ್ಟಾಗಿವೆ.’ ರಾಜ ವಾಪಸ್ ಹೊರಟ. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಕೂತು ಸಮುದ್ರದ ತಳಕ್ಕಿಳಿದು ಅಲ್ಲಿನ ರಾಜಕುಮಾರಿಯನ್ನು ಮದುವೆಯಾದ. ಸಾಂಗ್ ನೀಲ ಉತಾಮ ಇವನ ಕುಲದವನು, ಅದಕ್ಕೂ ಹಿಂದೆ ಹೋದರೆ ಅಲೆಕ್ಸಾಂಡರನ ಕುಲದವನು! ಇನ್ನೂ ಚೆಂದದ್ದು ಮುಂದಿದೆ. ಈ ರಾಜ ತನ್ನ ನಾಡಿಗೆ ಮರಳಿ ಕಪ್ಪು ಕಲ್ಲಿನ ಗೋಡೆಯ ಒಂದು ಮಹಾನಗರ ಕಟ್ಟಿದನಂತೆ. ಅದರ ಹೆಸರು ಬಿಜನಗರ, ಅಂದರೆ ವಿಜಯನಗರ. ನಮ್ಮ ಹಂಪಿ! ಚೋಳರ 11ನೆಯ ಶತಮಾನ, ಹಂಪಿಯ 14ನೆಯ ಶತಮಾನ, ಎರಡೂ ಒಬ್ಬನೇ ರಾಜನ ಲೆಕ್ಕಕ್ಕೆ ಬಿದ್ದಿವೆ. ಚೋಳರ ದಾಳಿಯ ನೆನಪು, ಬಂದರಿನಲ್ಲಿ ಕೇಳಿದ ವಿಜಯನಗರದ ಖ್ಯಾತಿ, ಎಲ್ಲವೂ ಸೇರಿ ಹೀಗಾಗಿದೆ. ಮಾವನವರಿಗೆ ಇದನ್ನು ಹೇಳಿದರೆ ಬೇಜಾರಾಗಲಿಕ್ಕಿಲ್ಲ ಅನಿಸುತ್ತದೆ.

ಇನ್ನು ಕೊಲೆಯ ವಿಷಯ. ಇದು ಪೋರ್ಚುಗೀಸರ ಮಾತು. ತೊಮೆ ಪಿರೆಸ್ 1512ರಿಂದ 1515ರ ತನಕ ಮಲಾಕಾದಲ್ಲಿದ್ದು ಕೇಳಿದ್ದನ್ನು ಬರೆದ. ಪರಮೇಶ್ವರ ಪಾಲೆಂಬಾಂಗ್‌ನ ರಾಜಕುಮಾರ. ಜಾವಾದವರ ಕೈಯಿಂದ ತಪ್ಪಿಸಿಕೊಂಡು ಸಿಂಗಪುರಕ್ಕೆ ಬಂದ. ಆಶ್ರಯ ಕೊಟ್ಟ ಸ್ಥಳೀಯ ಒಡೆಯನನ್ನು ಎಂಟು ದಿನದಲ್ಲೇ ಕೊಂದು ಐದು ವರ್ಷ ಆಳಿದ. ಸತ್ತವನಿಗೆ ಸಿಯಾಮಿನ ಕಡೆಯ ನೆಂಟಸ್ತಿಕೆ ಇತ್ತು, ಅವರು ಬಂದು ಓಡಿಸಿದರು. ಮುಂದೆ ಮಲಾಕಾ ಕಟ್ಟಿದ. ಅಂದರೆ ಮಲಯ ಗ್ರಂಥದಲ್ಲಿ ಇಸ್ಕಂದರ್ ಶಾ ಇರುವ ಜಾಗದಲ್ಲಿ ಪಿರೆಸ್ ಪರಮೇಶ್ವರನನ್ನು ಇಡುತ್ತಾನೆ.

ಇದನ್ನು ನಂಬಬೇಕಾ? ಪಿರೆಸ್ ಘಟನೆಗೆ ನೂರು ವರ್ಷದಷ್ಟು ಹತ್ತಿರ ಇದ್ದ, ತುನ್ ಶ್ರೀ ಲಾನಾಂಗ್ ಇನ್ನೂರು ವರ್ಷ ದೂರ. ಸಿಯಾಮಿನ ಭಯ ಚೀನೀ ದಾಖಲೆಗಳಿಗೂ ಹೊಂದುತ್ತದೆ. ಆದರೆ ಪೋರ್ಚುಗೀಸರು ಮಲಾಕಾದ ಸುಲ್ತಾನನನ್ನು ಆಗಷ್ಟೇ ಓಡಿಸಿದ್ದರು. ಅವನ ಪೂರ್ವಜ ಕೊಲೆಗಾರ ಅಂದರೆ ಅವರಿಗೆ ಅನುಕೂಲವೇ. ನನ್ನ ಒಲವು ಹೀಗಿದೆ: ಊರು ಹೇಗೆ ಬಿತ್ತು ಅನ್ನುವುದಕ್ಕೆ ಪಿರೆಸ್ ಹೆಚ್ಚು ಸರಿ ಇರಬಹುದು, ಊರು ಎಷ್ಟು ಕಾಲ ಬಾಳಿತು ಅನ್ನುವುದಕ್ಕೆ ಮಲಯ ಗ್ರಂಥ ಹೆಚ್ಚು ಸರಿ. ಅಗೆದ ನೆಲ ಹೇಳುವುದು ಐದು ವರ್ಷದ ಕಥೆಯನ್ನಲ್ಲ, ಒಂದು ಶತಮಾನದ ಕಥೆಯನ್ನು.

ಬೆಟ್ಟದ ಸಮಾಧಿಯ ಬಗ್ಗೆ ಕೇಳಿದ್ದೀರಿ. ಅದನ್ನು ಕೆರಾಮತ್ ಇಸ್ಕಂದರ್ ಶಾ ಅನ್ನುತ್ತಾರೆ. ಕ್ರಾಫರ್ಡ್ 1822ರಲ್ಲೇ ಆ ಹೆಸರು ಕೇಳಿದ್ದ. ಆದರೆ ಯಾವ ಮೂಲ ಹಿಡಿದರೂ ಕೊನೆಯ ರಾಜ ಇಲ್ಲಿಂದ ಓಡಿಹೋದವನು. ಅವನೇ ಇಲ್ಲಿ ಮಲಗಿದ್ದಾನೆ ಅನ್ನುವುದಕ್ಕೆ ಆಧಾರ ತುಂಬಾ ತೆಳು. ಚೀನಾದ ಮಿಂಗ್ ರಾಜವಂಶದ ದಾಖಲೆಗಳಲ್ಲಿ ಪರಮೇಶ್ವರ 1411ರಲ್ಲಿ ಚೀನಾಕ್ಕೆ ಹೋಗಿ ಬರುತ್ತಾನೆ, 1414ರಲ್ಲಿ ಇಸ್ಕಂದರ್ ಎಂಬ ಮಗ ಬಂದು ಅಪ್ಪ ತೀರ್ಕೊಂಡ ಅನ್ನುತ್ತಾನೆ. ಹಾಗಾಗಿ ಇಬ್ಬರೂ ಒಬ್ಬರೇನಾ ಅನ್ನುವ ಬಗ್ಗೆಯೇ ವಾದ ಇದೆ. ಸಮಾಧಿಯಾಗಿ ಅಲ್ಲದಿದ್ದರೂ ಜನ ನಡೆದುಕೊಳ್ಳುವ ಗದ್ದುಗೆಯಾಗಿ ಅದು ನಿಜ. ಹೋದಾಗ ಆ ಮರ್ಯಾದೆ ಇರಲಿ.

ಪ್ರಾಜೆಕ್ಟ್‌ಗೆ ಬರೋಣ. ಕಥೆಯನ್ನಷ್ಟೇ ಬರೆದರೆ ಓದಲು ಚೆಂದ, ಟೀಚರ್‌ಗೂ ಪರಿಚಯ. ಆದರೆ ‘ಸಾಕ್ಷಿ ಏನು’ ಅಂತ ಕೇಳಿದರೆ ಮಗಳು ಸಿಕ್ಕಿಬೀಳುತ್ತಾಳೆ. ಬರೀ ಪಿಂಗಾಣಿ ಚೂರುಗಳನ್ನು ಬರೆದರೆ ತಪ್ಪು ಹುಡುಕೋಕೆ ಆಗಲ್ಲ, ಆದರೆ ಚೂರುಗಳಿಗೆ ರಾಜರ ಹೆಸರಿಲ್ಲ, ಪ್ರಾಜೆಕ್ಟ್ ಒಣಗಿಹೋಗುತ್ತದೆ. ಪಿರೆಸ್‌ನ ಕೊಲೆಯ ಕಥೆಯನ್ನೇ ‘ಅಸಲಿ ಸತ್ಯ’ ಅಂತ ಬರೆಯುವುದು ದೊಡ್ಡ ಮಕ್ಕಳ ಆಸೆ. ಶತ್ರುವಿನ ಸಾಕ್ಷಿಯೊಂದನ್ನೇ ನಂಬಿದಂತಾಗುತ್ತದೆ, ತರಗತಿಯ ಮಲಯ ಮಕ್ಕಳಿಗೆ ನೋವೂ ಆಗಬಹುದು.

ನಾನಾದರೆ ಹಾಳೆಯ ಮಧ್ಯೆ ಒಂದು ಗೆರೆ ಎಳೆಸುತ್ತೇನೆ. ಎಡಕ್ಕೆ ‘ಹೀಗೆ ಹೇಳುತ್ತಾರೆ’, ಬಲಕ್ಕೆ ‘ಇದು ಸಿಕ್ಕಿದೆ’. ಬಡಾಂಗ್ ಎಸೆದ ಬಂಡೆಯ ಎದುರು ಮ್ಯೂಸಿಯಂನ ಶಾಸನದ ಚೂರು. ಸಾಂಗ್ ರಾಜುನ ತಾಪ ತೆರೆದ ಬಾಗಿಲಿನ ಎದುರು ವಾಂಗ್ ದಾಯುವಾನ್ ಹೇಳಿದ ಬಾಗಿಲು, ಕ್ರಾಫರ್ಡ್ ಅಳೆದ ಗೋಡೆ. ಸಿಂಹದ ಎದುರು ಜಾಗ ಖಾಲಿ ಬಿಡಲಿ, ಪರವಾಗಿಲ್ಲ. ಪ್ರತಿ ಕಥೆಯ ಕೆಳಗೆ ಯಾರು ಬರೆದದ್ದು, ಯಾವ ಕಾಲದಲ್ಲಿ ಎಂದು ಒಂದು ಸಾಲು ಇರಲಿ. ಒಂದು ಎಚ್ಚರಿಕೆ: ಹಳೆಯ ಅನುವಾದಗಳಲ್ಲಿ ದಕ್ಷಿಣ ಭಾರತದವರಿಗೆ ‘ಕ್ಲಿಂಗ್’ ಎಂಬ ಮಾತು ಬರುತ್ತದೆ. ಈಗ ಅಲ್ಲಿ ಅದು ಬೈಗುಳದ ಸಾಲಿಗೆ ಸೇರಿದೆ. ಕಳಿಂಗ ಅಥವಾ ದಕ್ಷಿಣ ಭಾರತ ಅಂತಲೇ ಬರೆಸಿ.

ಮ್ಯೂಸಿಯಂ ಮತ್ತು ಫೋರ್ಟ್ ಕ್ಯಾನಿಂಗ್ ಒಂದಕ್ಕೊಂದು ಅಂಟಿಕೊಂಡೇ ಇವೆ, ಒಂದೇ ಬೆಳಗ್ಗೆ ಎರಡೂ ಮುಗಿಯುತ್ತವೆ. ಬೆಟ್ಟದ ಮೇಲೆ ಅಗೆದ ಜಾಗವನ್ನೇ ನೋಡಲು ಬಿಟ್ಟಿದ್ದಾರೆ. ಲ್ಯಾಬ್ರಡಾರ್ ಪಾರ್ಕ್‌ನಲ್ಲಿ ಡ್ರ್ಯಾಗನ್ ಹಲ್ಲಿನ ಬಂಡೆಯ ಪ್ರತಿಕೃತಿ ಇದೆ, ಸಮಯ ಉಳಿದರೆ ಸಂಜೆ ಹೋಗಿ. ಟೀಚರ್ ಬೈಯುವ ಭಯ ಇದ್ದರೆ ಮಗಳು ಮೊದಲ ಪುಟದಲ್ಲೇ ಅವರಿಗೆ ಪ್ರಶ್ನೆ ಹಾಕಲಿ: ನಾಲ್ಕನೆಯ ರಾಜ ಆ ಹುಡುಗನನ್ನು ಯಾಕೆ ಕೊಲ್ಲಿಸಿದ ಅಂತ ಪುಸ್ತಕ ಬರೆದವರು ನಮಗೆ ಹೇಳುತ್ತಿದ್ದಾರೆ?